ಸುಸ್ತು, ಬಾಯಾರಿಕೆ, ಏದುಸಿರು: ದೇಹ ಕೊಡುವ ಸೂಚನೆಗಳನ್ನು ಗುರುತಿಸೋಣ

ಪ್ರೀತಿಯ ಸ್ವಸಹಾಯ ಸಂಘದ ಸಹೋದರಿಯರೇ,

ಸಂಘಗಳ ನಿರ್ಣಯ ಪುಸ್ತಕಗಳನ್ನು ನೋಡುವಾಗ ಒಂದು ವಿಷಯ ಮತ್ತೆ ಮತ್ತೆ ನನ್ನ ಗಮನಕ್ಕೆ ಬರುತ್ತದೆ. ಸಾಲ ಪಡೆದ ಕಾರಣ ಬರೆಯುವ ಜಾಗದಲ್ಲಿ 'ಹಸು ಖರೀದಿ', 'ಮಕ್ಕಳ ಫೀಸು', 'ಮನೆ ರಿಪೇರಿ' ಎಂದು ಇರುತ್ತದೆ. ಇವುಗಳ ನಡುನಡುವೆ 'ಆಸ್ಪತ್ರೆ ಖರ್ಚು' ಎಂಬ ಎರಡು ಪದಗಳೂ ಇರುತ್ತವೆ. ಹಸುವಿಗೆ ತೆಗೆದುಕೊಂಡ ಸಾಲವನ್ನು ಹಾಲು ತೀರಿಸುತ್ತದೆ. ಆಸ್ಪತ್ರೆಗೆ ತೆಗೆದುಕೊಂಡ ಸಾಲವನ್ನು ನಮ್ಮ ಬೆವರೇ ತೀರಿಸಬೇಕು. ಆ ಕಾಯಿಲೆಗಳಲ್ಲಿ ಎಷ್ಟೋ ಎರಡು ಮೂರು ತಿಂಗಳ ಹಿಂದೆಯೇ ಸೂಚನೆ ಕೊಟ್ಟಿರುತ್ತವೆ. ನಾವು ಅದನ್ನು ಕೆಲಸದ ಸುಸ್ತು, ವಯಸ್ಸು, ಹವೆ ಬದಲಾವಣೆ ಎಂದು ತಳ್ಳಿಹಾಕಿರುತ್ತೇವೆ.

ಈ ಸಲ ಎರಡು ಬಗೆಯ ಕಾಯಿಲೆಗಳ ಬಗ್ಗೆ ತಿಳಿದುಕೊಳ್ಳೋಣ. ಒಂದು, ದೇಹದೊಳಗಿನ ಗ್ರಂಥಿಗಳ ಕಾಯಿಲೆ. ಇನ್ನೊಂದು, ಉಸಿರಾಟದ ಕಾಯಿಲೆ. ಎರಡನ್ನೂ ಒಟ್ಟಿಗೆ ಯಾಕೆ ಹೇಳುತ್ತಿದ್ದೇನೆ ಎಂಬುದಕ್ಕೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕಾಗಿದೆ.

ನಾನು ಕೊಟ್ಟ ತಪ್ಪು ಸಲಹೆ

2011ರ ಬೇಸಿಗೆ. ಒಂದು ಸಂಘದ ವಾರದ ಸಭೆ ಮುಗಿದ ಮೇಲೆ ಸದಸ್ಯೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸಿಸ್ಟರ್, ನಮ್ಮ ಹುಡುಗ ನಾಲ್ಕನೇ ಕ್ಲಾಸು ಮುಗಿಸಿದ್ದಾನೆ. ಈಗ ಮತ್ತೆ ಹಾಸಿಗೇಲಿ ಉಚ್ಚೆ ಮಾಡ್ಕೊಳ್ತಿದಾನೆ. ಯಾರಿಗಾದ್ರೂ ಹೇಳೋಕೂ ನಾಚಿಕೆ" ಎಂದರು. ನೀರು ಬಹಳ ಕುಡಿಯುತ್ತಾನೆ ಎಂದೂ ಹೇಳಿದರು. ನಾನು, "ಬೈಯಬೇಡಿ ಅಮ್ಮ, ಮಕ್ಕಳಿಗೆ ಒಳಗೇ ಏನೋ ಭಯ ಇರುತ್ತೆ. ರಾತ್ರಿ ಊಟ ಆದ್ಮೇಲೆ ನೀರು ಕಡಿಮೆ ಕೊಡಿ, ಸರಿಹೋಗ್ತಾನೆ" ಎಂದು ಹೇಳಿ ಬಸ್ಸಿಗೆ ಹೊರಟೆ.

ಸುಮಾರು ಹತ್ತು ದಿನ ಕಳೆಯಿತು. ಹುಡುಗನಿಗೆ ವಾಂತಿ, ಹೊಟ್ಟೆನೋವು ಶುರುವಾಯಿತು. ಮಾರನೇ ದಿನ ಉಸಿರು ಜೋರಾಯಿತು. ಮನೆಯಲ್ಲಿ ಅಜ್ಜನಿಗೆ ದಮ್ಮು ಇದ್ದುದರಿಂದ ಇದೂ ದಮ್ಮೇ ಎಂದುಕೊಂಡರು. ಹತ್ತಿರದ ಕ್ಲಿನಿಕ್ಕಿನಲ್ಲಿಯೂ ಉಸಿರಾಟಕ್ಕೆ ಔಷಧಿ ಕೊಟ್ಟು ಕಳಿಸಿದರು. ರಾತ್ರಿ ಹುಡುಗ ಮಂಕಾದ. ದೊಡ್ಡಾಸ್ಪತ್ರೆಗೆ ಹೋದಾಗ ಅಲ್ಲಿನ ನರ್ಸ್ ಒಬ್ಬರು ಅವನ ಬಾಯಿಯ ಹತ್ತಿರ ಬಗ್ಗಿ, "ಇವನ ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಇದೆ, ಮೊದಲು ಶುಗರ್ ನೋಡೋಣ" ಎಂದರಂತೆ. ಬೆರಳಿಗೆ ಚುಚ್ಚಿ ನೋಡಿದರೆ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, 'ಹೈ' ಎಂದು ತೋರಿಸಿತು. ಶ್ವಾಸಕೋಶ ಚೆನ್ನಾಗಿಯೇ ಇತ್ತು. ಅವನಿಗಿದ್ದದ್ದು ಸಕ್ಕರೆ ಕಾಯಿಲೆ.

ದೇವರ ದಯೆ, ಹುಡುಗ ಉಳಿದ. ಆದರೆ ಬಾಯಾರಿದ ಆ ಮಗುವಿಗೆ ನೀರು ಕಡಿಮೆ ಕೊಡಿ ಎಂದವಳು ನಾನು. ನಾನು ಸಮಾಜ ಕಾರ್ಯ ಓದಿದವಳು, ನರ್ಸ್ ಅಲ್ಲ. ಆದರೆ ಅದನ್ನು ನೆಪ ಮಾಡಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಆಮೇಲೆ ನಮ್ಮ ಸಭೆಯ ನರ್ಸ್ ಸಿಸ್ಟರ್‌ಗಳ ಹತ್ತಿರ ಕೂತು ಕಲಿತದ್ದನ್ನು ಪ್ರತಿ ಸಂಘದಲ್ಲೂ ಹೇಳುತ್ತಾ ಬಂದಿದ್ದೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ನರ್ಸ್ ಮಾಡುವ ನಾಲ್ಕು ಕೆಲಸಗಳು

ಕಾಯಿಲೆ ಯಾವುದೆಂದು ತೀರ್ಮಾನ ಮಾಡುವುದು, ಔಷಧಿ ಬರೆಯುವುದು ಡಾಕ್ಟರ ಕೆಲಸ. ಆದರೆ ರೋಗಿಯ ಪಕ್ಕದಲ್ಲಿ ಹೆಚ್ಚು ಹೊತ್ತು ಇರುವವರು ನರ್ಸ್. ಬದಲಾವಣೆ ಮೊದಲು ಕಾಣುವುದು ಅವರ ಕಣ್ಣಿಗೆ. ಮನೆಯಲ್ಲಿ ಆ ಜಾಗದಲ್ಲಿರುವವರು ನೀವು. ಅತ್ತೆಯ ಕೆಮ್ಮು, ಗಂಡನ ಸೊರಗಿದ ಮೈ, ಮಗುವಿನ ಉಸಿರು ನಿಮಗೆ ಗೊತ್ತಾಗುವಷ್ಟು ಬೇಗ ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ನಾಲ್ಕು ಕೆಲಸ ಸಾಕು.

1. ನೋಡುವುದು: ಮುಖ, ಕತ್ತು, ತುಟಿಯ ಬಣ್ಣ, ಎದೆಯ ಏರಿಳಿತ.
2. ಕೇಳುವುದು: "ಹೇಗಿದ್ದೀಯ?" ಎಂದರೆ "ಚೆನ್ನಾಗಿದ್ದೀನಿ" ಎಂದೇ ಉತ್ತರ ಬರುತ್ತದೆ. "ರಾತ್ರಿ ಎಷ್ಟು ಸಲ ಎದ್ದೆ? ಮೆಟ್ಟಿಲು ಹತ್ತುವಾಗ ಏನಾಗುತ್ತೆ? ಮುಟ್ಟು ಹೇಗೆ ಆಗ್ತಿದೆ?" ಎಂದು ಕೇಳಬೇಕು.
3. ಎಣಿಸುವುದು: ಉಸಿರು, ಕೆಮ್ಮು ಶುರುವಾದ ದಿನಗಳು, ತೂಕ.
4. ಬರೆದಿಡುವುದು: ಯಾವ ದಿನ ಏನು ಕಂಡಿತು ಎಂದು ಒಂದು ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸುವುದು. ಉಳಿತಾಯದ ಲೆಕ್ಕ ಬರೆಯುವ ನಿಮಗೆ ಇದು ಕಷ್ಟವಲ್ಲ.

ಗ್ರಂಥಿಗಳು ಎಂದರೇನು?

ನಮ್ಮ ದೇಹದಲ್ಲಿ ಕೆಲವು ಸಣ್ಣ ಗ್ರಂಥಿಗಳಿವೆ. ಇವು ಹಾರ್ಮೋನ್ ಎಂಬ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಇದಕ್ಕಾಗಿ ಬೇರೆ ನಾಳ ಇಲ್ಲದ್ದರಿಂದ ನಿರ್ನಾಳ ಗ್ರಂಥಿಗಳು ಎನ್ನುತ್ತಾರೆ. ಹಾರ್ಮೋನು ರಕ್ತದ ಮೂಲಕ ದೂರದ ಅಂಗಗಳಿಗೆ ಹೋಗಿ 'ಬೇಗ ಕೆಲಸ ಮಾಡು', 'ನಿಧಾನ ಮಾಡು', 'ಸಕ್ಕರೆ ಒಳಗೆ ತೆಗೆದುಕೋ' ಎಂದು ಹೇಳುತ್ತದೆ. ಸಂಘದ ಪ್ರತಿನಿಧಿ ಎಲ್ಲರ ಮನೆಗೂ ಸುದ್ದಿ ಮುಟ್ಟಿಸುವ ಹಾಗೆ. ಸುದ್ದಿ ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ. ಸುದ್ದಿ ಇಡೀ ದೇಹಕ್ಕೆ ಹೋಗುವುದರಿಂದ ತೊಂದರೆಯೂ ಒಂದೇ ಜಾಗದಲ್ಲಿ ಕಾಣುವುದಿಲ್ಲ. ಸುಸ್ತು, ಕೂದಲು ಉದುರುವುದು, ಮಲಬದ್ಧತೆ, ಬೇಸರ ಹೀಗೆ ಚೂರು ಚೂರಾಗಿ ಕಾಣುತ್ತದೆ. ಅದಕ್ಕೇ ನಾವು ಮೋಸ ಹೋಗುವುದು.

ಸಕ್ಕರೆ ಕಾಯಿಲೆ

ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ಹಾರ್ಮೋನನ್ನು ಕೊಡುತ್ತದೆ. ಊಟದಿಂದ ಬಂದ ಸಕ್ಕರೆ ಅಂಶವನ್ನು ರಕ್ತದಿಂದ ಜೀವಕೋಶದೊಳಗೆ ಸೇರಿಸುವುದು ಇದರ ಕೆಲಸ. ಇನ್ಸುಲಿನ್ ಇಲ್ಲದಿದ್ದರೆ, ಅಥವಾ ಇದ್ದರೂ ಕೆಲಸ ಮಾಡದಿದ್ದರೆ, ಸಕ್ಕರೆ ರಕ್ತದಲ್ಲೇ ಉಳಿದು ಮೂತ್ರದಲ್ಲಿ ಹೋಗುತ್ತದೆ. ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಪದೇ ಪದೇ ಮೂತ್ರ, ವಿಪರೀತ ಬಾಯಾರಿಕೆ.

ದೊಡ್ಡವರಲ್ಲಿ ಗಮನಿಸಬೇಕಾದದ್ದು: ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಬಾಯಿ ಒಣಗುವುದು, ತಿಂದರೂ ಮೈ ಇಳಿಯುವುದು, ಮಾಯದ ಗಾಯ, ಪಾದದಲ್ಲಿ ಜೋಮು ಅಥವಾ ಉರಿ, ಕಣ್ಣು ಮಂಜಾಗುವುದು, ಹೆಂಗಸರಲ್ಲಿ ಗುಪ್ತಾಂಗದ ತುರಿಕೆ ವಾಸಿಯಾಗಿ ಮತ್ತೆ ಮತ್ತೆ ಬರುವುದು. ಕೊನೆಯದನ್ನು ನಾಚಿಕೆಯಿಂದ ಯಾರೂ ಹೇಳುವುದಿಲ್ಲ. ಎಷ್ಟೋ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ 30 ವರ್ಷ ದಾಟಿದ ಪ್ರತಿಯೊಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದು ನಮೂನೆ ತುಂಬಿಸುವಾಗ "ನಂಗೇನೂ ಇಲ್ಲಮ್ಮ" ಎಂದು ಕಳಿಸಬೇಡಿ.

ಲೆಕ್ಕ ಹೀಗಿದೆ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 126 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯ ಸೂಚನೆ, ಡಾಕ್ಟರು ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತಪಡಿಸುತ್ತಾರೆ. ನಡುವೆ ಇದ್ದರೆ ಎಚ್ಚರಿಕೆಯ ಗಂಟೆ. ಊಟ, ನಡಿಗೆ, ತೂಕ ಸರಿ ಮಾಡಿಕೊಂಡರೆ ಎಷ್ಟೋ ಮಂದಿ ಕಾಯಿಲೆಯನ್ನು ಮುಂದಕ್ಕೆ ಹಾಕಬಹುದು.

ಬಸುರಿಯರಿಗೆ ಮೊದಲ ತಪಾಸಣೆಯಲ್ಲೇ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡುತ್ತಾರೆ. ಆಗ ಸರಿಯಿದ್ದರೆ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡುತ್ತಾರೆ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ 140 ಅಥವಾ ಹೆಚ್ಚಿದ್ದರೆ ಗರ್ಭಿಣಿ ಸಕ್ಕರೆ ಕಾಯಿಲೆ. ಹೆರಿಗೆಯ ನಂತರ ಇದು ಸಾಮಾನ್ಯವಾಗಿ ಹೋಗುತ್ತದೆ. ಆದರೆ ಆ ತಾಯಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ಮಗು ಹುಟ್ಟಿತು, ಮುಗಿಯಿತು ಎಂದು ಮರೆಯಬಾರದು.

ಮಕ್ಕಳಲ್ಲಿ: ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಸಿಹಿ ತಿಂದದ್ದರಿಂದ ಬರುವುದಲ್ಲ. ತಾಯಿಯ ತಪ್ಪೂ ಅಲ್ಲ, ಶಾಪವೂ ಅಲ್ಲ. ನಾಲ್ಕು ಮಾತು ನೆನಪಿಡಿ: ಬಾಯಾರಿಕೆ, ಪದೇ ಪದೇ ಮೂತ್ರ, ಮೈ ಇಳಿಯುವುದು, ಸುಸ್ತು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟ ಮಗು ಮತ್ತೆ ಶುರು ಮಾಡಿದರೆ ಬೈಯಬೇಡಿ, ನೀರು ತಡೆಯಬೇಡಿ, ಅದೇ ದಿನ ಬೆರಳು ಚುಚ್ಚಿ ಸಕ್ಕರೆ ನೋಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ನಿಮಿಷದ ಕೆಲಸ.

ತಡವಾದರೆ ಏನಾಗುತ್ತದೆ? ಸಕ್ಕರೆ ಬಳಸಲು ಆಗದ ದೇಹ ಕೊಬ್ಬನ್ನು ಕರಗಿಸುತ್ತದೆ. ಅದರಿಂದ ರಕ್ತದಲ್ಲಿ ಆಮ್ಲ ತುಂಬುತ್ತದೆ. ಆ ಆಮ್ಲವನ್ನು ಹೊರಹಾಕಲು ಮಗು ಆಳವಾಗಿ, ವೇಗವಾಗಿ ಉಸಿರಾಡುತ್ತದೆ. ಕೆಮ್ಮು ಇಲ್ಲ, ಸುಂಯ್ ಎಂಬ ಶಬ್ದ ಇಲ್ಲ, ಆದರೂ ಉಸಿರು ಜೋರು. ಜೊತೆಗೆ ವಾಂತಿ, ಹೊಟ್ಟೆನೋವು, ಹಣ್ಣಿನಂಥ ವಾಸನೆ. ನಾನು ಹೇಳಿದ ಹುಡುಗನಿಗೆ ಆದದ್ದು ಇದೇ. ಇದು ಪ್ರಾಣಾಪಾಯದ ಸ್ಥಿತಿ, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕು. ಕೆನಡಾದ ಟೊರೊಂಟೊದಲ್ಲಿ 1921ರಲ್ಲಿ ಇನ್ಸುಲಿನ್ ಕಂಡುಹಿಡಿದು, 1922ರ ಜನವರಿಯಲ್ಲಿ 14 ವರ್ಷದ ಹುಡುಗನಿಗೆ ಮೊದಲ ಬಾರಿ ಚುಚ್ಚಿದರು. ಅದಕ್ಕೂ ಮೊದಲು ಇಂಥ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಈಗ ಬದುಕುತ್ತಾರೆ, ಓದುತ್ತಾರೆ, ದುಡಿಯುತ್ತಾರೆ. ಆದರೆ ದಿನಾ ಇನ್ಸುಲಿನ್ ಬೇಕೇ ಬೇಕು. ಯಾರೋ ಹೇಳಿದರೆಂದು ನಾಟಿ ಔಷಧಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು.

ಸಕ್ಕರೆ ಇಳಿದಾಗ: ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದವರಿಗೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ತಣ್ಣನೆ ಬೆವರು, ಕೈ ನಡುಕ, ಎದೆ ಬಡಿತ, ಹಸಿವು, ಅಸಂಬದ್ಧ ಮಾತು ಕಾಣುತ್ತದೆ. ಉಪವಾಸದ ದಿನಗಳಲ್ಲಿ ಹುಷಾರು. ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷದಲ್ಲಿ ಸರಿಯಾಗದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಥೈರಾಯ್ಡ್

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವುದು ಥೈರಾಯ್ಡ್ ಗ್ರಂಥಿ. ಇದರ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಇದರ ಹಾರ್ಮೋನು ಕಡಿಮೆಯಾದರೆ ದೇಹವೆಲ್ಲ ನಿಧಾನವಾಗುತ್ತದೆ. ಎಷ್ಟು ಮಲಗಿದರೂ ಸುಸ್ತು, ಊಟ ಹೆಚ್ಚಿಲ್ಲದಿದ್ದರೂ ತೂಕ ಹೆಚ್ಚುವುದು, ಎಲ್ಲರಿಗಿಂತ ಹೆಚ್ಚು ಚಳಿ, ಒಣ ಚರ್ಮ, ಕೂದಲು ಉದುರುವುದು, ಮಲಬದ್ಧತೆ, ಮುಟ್ಟಿನಲ್ಲಿ ಹೆಚ್ಚು ರಕ್ತ, ಊದಿದ ಮುಖ, ದಪ್ಪನೆ ದನಿ, ಮನಸ್ಸಿಗೆ ಬೇಸರ. ಇಂಥವಳನ್ನು ಮನೆಯವರು 'ಸೋಮಾರಿ' ಎನ್ನುತ್ತಾರೆ. ಸಂಘಕ್ಕೆ ಬರುವುದನ್ನು ಬಿಟ್ಟ ಸದಸ್ಯೆಗೆ ನಾವು ದಂಡ ಹಾಕುತ್ತೇವೆ. ದಂಡ ಹಾಕುವ ಮೊದಲು ಒಮ್ಮೆ ಮನೆಗೆ ಹೋಗಿ ಕೇಳೋಣ. ಟಿ.ಎಸ್.ಎಚ್. ಎಂಬ ಒಂದು ರಕ್ತ ಪರೀಕ್ಷೆಯಿಂದ ವಿಷಯ ಗೊತ್ತಾಗುತ್ತದೆ.

ಹಾರ್ಮೋನು ಹೆಚ್ಚಾದರೆ ಇದಕ್ಕೆ ತಿರುಗಾ ಮುರುಗಾ. ಚೆನ್ನಾಗಿ ತಿಂದರೂ ಮೈ ಇಳಿಯುವುದು, ಎದೆ ಬಡಿತ, ಕೈ ನಡುಕ, ಸೆಕೆ, ಬೆವರು, ನಿದ್ದೆ ಬಾರದಿರುವುದು, ಕೆಲವರಿಗೆ ಕಣ್ಣು ಮುಂದಕ್ಕೆ ಬಂದ ಹಾಗೆ ಕಾಣುವುದು.

ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ತಿಂಡಿ ಮಾಡಬೇಕು. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ಬಸುರಿಯಾದಾಗ ಈ ಮಾತ್ರೆ ನಿಲ್ಲಿಸಬಾರದು. ಆಗ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ ಕೂಡಲೇ ಡಾಕ್ಟರಿಗೆ ತಿಳಿಸಬೇಕು.

ಹುಟ್ಟುವಾಗಲೇ ಈ ಹಾರ್ಮೋನು ಇಲ್ಲದ ಶಿಶುಗಳಿರುತ್ತವೆ. ನೋಡಲು ಮುದ್ದಾಗಿ, 'ಅಳೋದೇ ಇಲ್ಲ, ಬಹಳ ಒಳ್ಳೇ ಮಗು' ಎನಿಸಿಕೊಳ್ಳುತ್ತವೆ. ಎದೆಹಾಲು ಕುಡಿಯಲು ಸೋಮಾರಿತನ, ಹೋಗದ ಕಾಮಾಲೆ, ಮಲಬದ್ಧತೆ, ಹೊಕ್ಕುಳು ಉಬ್ಬಿರುವುದು ಇದರ ಸೂಚನೆ. ಮೊದಲ ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಮಗುವಿನ ಬುದ್ಧಿ ಚೆನ್ನಾಗಿ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಬುದ್ಧಿಮಾಂದ್ಯ ಉಳಿದುಬಿಡಬಹುದು. ಹೆರಿಗೆಯಾದ ಆಸ್ಪತ್ರೆಯಲ್ಲೇ ಮಗುವಿನ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ.

ಕತ್ತು ಊದುವ ಗಳಗಂಡಕ್ಕೆ ಅಯೋಡಿನ್ ಕೊರತೆ ಒಂದು ಮುಖ್ಯ ಕಾರಣ. ನಮ್ಮ ದೇಶದಲ್ಲಿ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಇರುವ ಉಪ್ಪನ್ನೇ ಕೊಳ್ಳಿ. ಮುಚ್ಚಳ ಇರುವ ಡಬ್ಬದಲ್ಲಿ, ಒಲೆಯ ಶಾಖದಿಂದ ದೂರ ಇಡಿ.

ಉಸಿರಾಟದ ಕಾಯಿಲೆಗಳು: ಮೊದಲು ಎಣಿಸಿ

ನರ್ಸಿಂಗ್ ತರಬೇತಿಯಲ್ಲಿ ಮೊದಲು ಕಲಿಸುವ ವಿಷಯಗಳಲ್ಲಿ ಇದೊಂದು. ಯಾವ ಯಂತ್ರವೂ ಬೇಡ, ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಮೊಬೈಲ್ ಸಾಕು. ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿ ಮೇಲಕ್ಕೆತ್ತಿ ಹೊಟ್ಟೆ ಎದೆ ನೋಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ.

ವೇಗದ ಉಸಿರಾಟ ಎಂದರೆ:
- 2 ತಿಂಗಳೊಳಗಿನ ಶಿಶು: ನಿಮಿಷಕ್ಕೆ 60 ಅಥವಾ ಹೆಚ್ಚು
- 2 ತಿಂಗಳಿಂದ 1 ವರ್ಷದೊಳಗೆ: 50 ಅಥವಾ ಹೆಚ್ಚು
- 1ರಿಂದ 5 ವರ್ಷ: 40 ಅಥವಾ ಹೆಚ್ಚು
- ದೊಡ್ಡವರಲ್ಲಿ ಸಾಮಾನ್ಯವಾಗಿ 12ರಿಂದ 20. ಸುಮ್ಮನೆ ಕೂತಾಗಲೂ 24 ದಾಟಿದರೆ ಡಾಕ್ಟರಿಗೆ ತೋರಿಸಿ, 30 ದಾಟಿದರೆ ತುರ್ತು.

ಕೆಮ್ಮು, ಶೀತ ಇರುವ ಮಗುವಿನ ಉಸಿರು ಈ ಲೆಕ್ಕ ಮೀರಿದರೆ ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕಾಯಬೇಡಿ. ಎದೆಗೆ ಬರೆ ಹಾಕುವುದು, ಮೂಗಿಗೆ ಎಣ್ಣೆ ಬಿಡುವುದು ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೇ ಇಳಿಯಬಹುದು.

2020 ಮತ್ತು 2021ರ ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಿಮಗೆಲ್ಲ ಪರಿಚಯವಾಯಿತು. ಅದರಲ್ಲಿ 94ಕ್ಕಿಂತ ಕಡಿಮೆ ಬಂದರೆ ಆಸ್ಪತ್ರೆಗೆ ತೋರಿಸಬೇಕು, 90ಕ್ಕಿಂತ ಕಡಿಮೆ ಬಂದರೆ ತುರ್ತು. ಉಗುರು ಬಣ್ಣ ತೆಗೆದು, ಬೆರಳು ಬೆಚ್ಚಗೆ ಮಾಡಿಕೊಂಡು ನೋಡಿ. ಆದರೆ ನೆನಪಿರಲಿ: ಸಕ್ಕರೆ ಏರಿ ಏದುಸಿರು ಬಂದ ಮಗುವಿನಲ್ಲಿ ಈ ಅಂಕಿ ಸರಿಯಾಗಿಯೇ ಇರಬಹುದು. ಯಂತ್ರ ಚೆನ್ನಾಗಿ ತೋರಿಸಿದರೂ ಉಸಿರು ಜೋರಾಗಿದ್ದರೆ ಸುಮ್ಮನಾಗಬಾರದು.

ಉಬ್ಬಸ ಮತ್ತು ಹೊಗೆಯ ಕೆಮ್ಮು

ಉಬ್ಬಸದಲ್ಲಿ (ನಮ್ಮ ಕಡೆ ದಮ್ಮು, ಗೂರಲು ಎನ್ನುತ್ತೇವೆ) ಉಸಿರಿನ ಕೊಳವೆಗಳು ಊದಿ ಬಿಗಿಯುತ್ತವೆ. ರಾತ್ರಿ ಅಥವಾ ಬೆಳಗಿನ ಜಾವ ಕೆಮ್ಮು, ಉಸಿರು ಬಿಡುವಾಗ ಸುಂಯ್ ಎಂಬ ಶಬ್ದ, ಎದೆ ಬಿಗಿತ. ಧೂಳು, ಹೊಗೆ, ಶೀತ, ಕೆಲವರಿಗೆ ಬೆಕ್ಕು ನಾಯಿಯ ಕೂದಲು ಇದನ್ನು ಕೆರಳಿಸುತ್ತವೆ. ಬಂದು ಹೋಗುವುದು ಇದರ ಗುಣ. ನಡುವೆ ಚೆನ್ನಾಗಿಯೇ ಇರುತ್ತಾರೆ.

'ಇನ್ಹೇಲರ್ ಹಿಡಿದರೆ ಬಿಡೋಕಾಗಲ್ಲ, ಚಟ ಆಗುತ್ತೆ' ಎಂಬ ಮಾತು ಸುಳ್ಳು. ಔಷಧಿ ನೇರ ಕೊಳವೆಗೆ ಹೋಗುವುದರಿಂದ ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣ ಸಾಕು. ದಿನಾ ತೆಗೆದುಕೊಳ್ಳುವ ತಡೆಗಟ್ಟುವ ಇನ್ಹೇಲರನ್ನು ಗುಣ ಕಂಡಿತೆಂದು ನಿಲ್ಲಿಸಬಾರದು. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಮಕ್ಕಳಿಗೆ ಸ್ಪೇಸರ್ ಎಂಬ ಡಬ್ಬಿ ಸಿಕ್ಕಿಸಿ ಕೊಡಬೇಕು. ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ, ಸುಂಯ್ ಶಬ್ದ ನಿಂತು ರೋಗಿ ಮಂಕಾದರೆ ಕಡಿಮೆಯಾಯಿತು ಎಂದುಕೊಳ್ಳಬೇಡಿ, ಅದು ಅಪಾಯ.

ಬೀಡಿ ಸಿಗರೇಟು ಮುಟ್ಟದ ಹೆಂಗಸಿಗೂ ಬೀಡಿ ಸೇದುವವರಂತೆ ಶ್ವಾಸಕೋಶ ಹಾಳಾಗುತ್ತದೆ. ಕಾರಣ ಒಲೆಯ ಹೊಗೆ. ಇದು ಉಬ್ಬಸದಂತೆ ಬಂದು ಹೋಗುವುದಲ್ಲ. ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಮೊದಲು ಏರು ಹತ್ತುವಾಗ, ಆಮೇಲೆ ಬಟ್ಟೆ ಒಗೆಯುವಾಗ, ಕೊನೆಗೆ ತಲೆ ಬಾಚುವಾಗಲೂ ಏದುಸಿರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಅಸ್ತ್ರ ಒಲೆಯನ್ನು ಕೊಟ್ಟರು. 2016ರಲ್ಲಿ ಉಜ್ವಲ ಯೋಜನೆಯ ಗ್ಯಾಸ್ ಬಂತು. ಆದರೂ ಎಷ್ಟೋ ಮನೆಗಳಲ್ಲಿ ಗ್ಯಾಸು ಕಾಫಿಗೆ ಮಾತ್ರ. ಅನ್ನಕ್ಕೆ, ಸ್ನಾನದ ಹಂಡೆಗೆ ಕಟ್ಟಿಗೆಯೇ. ಹಂಡೆ ಒಲೆಗೆ ಹೊಗೆಕೊಳವೆ ಇರಲಿ. ಹಸಿ ಕಟ್ಟಿಗೆ, ಪ್ಲಾಸ್ಟಿಕ್ ಹಾಕಬೇಡಿ. ಬೆಂಕಿ ಕಾಯಿಸಲು ಪುಟ್ಟ ಮಕ್ಕಳನ್ನು ಒಲೆಯ ಮುಂದೆ ಕೂರಿಸಬೇಡಿ.

ಎರಡು ವಾರದ ಕೆಮ್ಮು

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಮೈ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಒಂದೇ ಇದ್ದರೂ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿದ್ದಾರೆ. ಎರಡು ತಿಂಗಳಲ್ಲಿ ಚೆನ್ನಾಗಾಯಿತೆಂದು ಮಾತ್ರೆ ನಿಲ್ಲಿಸಿದರೆ ಔಷಧಿಗೆ ಬಗ್ಗದ ಕ್ಷಯ ಬರಬಹುದು.

ಗ್ರಂಥಿ ಮತ್ತು ಉಸಿರಿನ ಸಂಬಂಧ ಇಲ್ಲೂ ಇದೆ. ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯ ಬರುವ ಸಂಭವ ಎರಡರಿಂದ ಮೂರು ಪಟ್ಟು ಹೆಚ್ಚು. ಆದ್ದರಿಂದ ಕ್ಷಯ ಇದ್ದವರು ಸಕ್ಕರೆ ನೋಡಿಸಬೇಕು. ಸಕ್ಕರೆ ಇದ್ದವರು ಕೆಮ್ಮನ್ನು ಹಗುರವಾಗಿ ತೆಗೆದುಕೊಳ್ಳಬಾರದು.

'ಒಂದೇ ಮಾತ್ರೆಗೆ ಎಲ್ಲಾ ವಾಸಿ' ಎಂಬ ಮೋಸ

ಇನ್ನೊಂದು ಸಂಬಂಧವನ್ನೂ ಹೇಳಲೇಬೇಕು. ದಮ್ಮಿಗೆ, ಮಂಡಿ ನೋವಿಗೆ ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡುವ ಸಣ್ಣ ಮಾತ್ರೆಗಳಲ್ಲಿ, ಹೆಸರಿಲ್ಲದ ಪುಡಿಗಳಲ್ಲಿ ಹಲವು ಸಲ ಸ್ಟಿರಾಯ್ಡ್ ಇರುತ್ತದೆ. ತಿಂದ ದಿನವೇ ಹಗುರ ಎನಿಸುತ್ತದೆ. ಸ್ಟಿರಾಯ್ಡ್ ಕೆಟ್ಟ ಔಷಧಿಯಲ್ಲ. ಡಾಕ್ಟರು ತುರ್ತಿನಲ್ಲಿ ಕೆಲವು ದಿನ ಕೊಟ್ಟು ಎಷ್ಟೋ ಜೀವ ಉಳಿಸುತ್ತಾರೆ. ಆದರೆ ನಾವಾಗಿಯೇ ತಿಂಗಳುಗಟ್ಟಲೆ ನುಂಗಿದರೆ ಮುಖ ಗುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಮುಖ ತುಂಬಿಕೊಂಡದ್ದನ್ನು ನೋಡಿ 'ಚೆನ್ನಾಗಾಗಿದ್ದಾಳೆ' ಎನ್ನುತ್ತೇವೆ! ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು, ಹೊರಗಿಂದಲೇ ಬರುತ್ತಿದೆಯಲ್ಲ ಎಂದು ತಮ್ಮ ಕೆಲಸ ನಿಲ್ಲಿಸುತ್ತವೆ. ಆಗ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯ ಆಗಬಹುದು. ಇಂಥ ಮಾತ್ರೆ ತಿನ್ನುತ್ತಿದ್ದರೆ ಹೆದರಿ ನಿಲ್ಲಿಸಬೇಡಿ. ಮಾತ್ರೆಯ ಹಾಳೆಯನ್ನೇ ಡಾಕ್ಟರಿಗೆ ತೋರಿಸಿ. ಅವರು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾರೆ.

ನಮ್ಮ ಸಂಘಗಳು ಏನು ಮಾಡಬಹುದು?

1. ತಿಂಗಳಲ್ಲಿ ಒಂದು ಸಭೆಯಲ್ಲಿ ಹತ್ತು ನಿಮಿಷ ಆರೋಗ್ಯಕ್ಕೆ ಕೊಡಿ. ಒಬ್ಬರ ಉಸಿರನ್ನು ಇನ್ನೊಬ್ಬರು ಎಣಿಸಿ ಕಲಿಯಿರಿ.
2. 30 ದಾಟಿದ ಸದಸ್ಯೆಯರೆಲ್ಲ ಒಂದೇ ದಿನ ಉಪಕೇಂದ್ರಕ್ಕೆ ಹೋಗಿ ಸಕ್ಕರೆ, ಬಿ.ಪಿ. ನೋಡಿಸಿ. ಒಬ್ಬಳೇ ಹೋಗಲು ಹಿಂಜರಿಯುವವಳು ಹತ್ತು ಜನರ ಜೊತೆ ಬರುತ್ತಾಳೆ.
3. ಎರಡು ಸಭೆಗೆ ಬಾರದ ಸದಸ್ಯೆಯ ಮನೆಗೆ ಇಬ್ಬರು ಹೋಗಿ ಬನ್ನಿ.
4. ಕ್ಷಯ ಇರುವ ಮನೆಯನ್ನು ದೂರ ಇಡಬೇಡಿ. ಮಾತ್ರೆ ನುಂಗಿದೆಯಾ ಎಂದು ದಿನಾ ಕೇಳುವ ಒಬ್ಬ ಗೆಳತಿ ಇದ್ದರೆ ಆ ಸದಸ್ಯೆಗೆ ದೊಡ್ಡ ಬಲ.
5. ತುರ್ತಿಗೆಂದು ಸಂಘದಲ್ಲಿ ಸಣ್ಣ ಮೊತ್ತ ತೆಗೆದಿಡಿ. ಸಭೆ ಕರೆಯದೆ ಪ್ರತಿನಿಧಿಯರೇ ಕೊಡಲು ನಿರ್ಣಯ ಮಾಡಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಏದುಸಿರು ಬಂದಾಗ ಕೋರಂ ನೋಡಲು ಆಗುವುದಿಲ್ಲ.

ಸಭೆಯಲ್ಲಿ ಚರ್ಚಿಸಲು

- ನಮ್ಮ ಸಂಘದಲ್ಲಿ ಕಳೆದ ವರ್ಷ ಆಸ್ಪತ್ರೆಗೆಂದು ಎಷ್ಟು ಸಾಲ ಹೋಗಿದೆ? ಆ ಕಾಯಿಲೆಗಳು ಮೊದಲು ಕೊಟ್ಟ ಸೂಚನೆ ಯಾವುದು?
- ನಮ್ಮ ಮನೆಯಲ್ಲಿ ಯಾರ ಸುಸ್ತನ್ನು ನಾವು ಸೋಮಾರಿತನ ಎಂದುಕೊಂಡಿದ್ದೇವೆ?
- ನನ್ನ ಸ್ವಂತ ಸುಸ್ತನ್ನು ನಾನು ಯಾರಿಗಾದರೂ ಹೇಳಿದ್ದೇನೆಯೇ?

ಸಹೋದರಿಯರೇ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ನಾವು ಕಾಯಿಲೆಯ ವಿಷಯದಲ್ಲೂ ನಮ್ಮನ್ನು ಕೊನೆಗೇ ಇಟ್ಟುಕೊಳ್ಳುತ್ತೇವೆ. ಅದು ತ್ಯಾಗವಲ್ಲ. ದೇವರು ಕೊಟ್ಟ ಈ ದೇಹವೂ ನಮಗೆ ಒಪ್ಪಿಸಿದ ಮನೆಯೇ.

ನಾನು ಹೇಳಿದ ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ದಿನಾ ಇನ್ಸುಲಿನ್ ಚುಚ್ಚಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಅವನ ತಾಯಿ ಇಂದಿಗೂ ಅದೇ ಸಂಘದಲ್ಲಿದ್ದಾರೆ. ಊರಿನಲ್ಲಿ ಯಾವ ಮಗು ನೀರು ಹೆಚ್ಚು ಕೇಳಿದರೂ ಅವರೇ ಮೊದಲು ಹೋಗಿ, "ಒಂದ್ಸಲ ಶುಗರ್ ನೋಡಿಸ್ಬಿಡ್ರಮ್ಮ" ಎನ್ನುತ್ತಾರೆ. ನಾನು ಅಂದು ಆ ತಾಯಿಗೆ ಹೇಳಬೇಕಾಗಿದ್ದ ಮಾತು ಅದು. ಈಗ ನಿಮಗೆಲ್ಲ ಹೇಳಿದ್ದೇನೆ. ನೀವು ಇನ್ನೊಬ್ಬರಿಗೆ ಹೇಳಿ.

ದೇವರು ನಿಮಗೂ ನಿಮ್ಮ ಮನೆಯವರಿಗೂ ಆರೋಗ್ಯ ಕರುಣಿಸಲಿ.